ನೆನಪಿಗೆ ಒಂದು, ತಿಜೋರಿಗೆ ನೂರು: ಪಾಸ್‌ವರ್ಡ್‌ಗಳನ್ನು ಜೋಪಾನ ಮಾಡುವ ಬಗೆ

ಚಿಕ್ಕಮ್ಮನ ಮೊಬೈಲ್ ನೀರಿಗೆ ಬಿದ್ದು ಕೆಟ್ಟ ಮರುದಿನ, ಹೊಸ ಮೊಬೈಲನ್ನೂ ಅವರ ಪುಟ್ಟ ನೋಟುಪುಸ್ತಕವನ್ನೂ ಮುಂದಿಟ್ಟುಕೊಂಡು ಕುಳಿತೆವು. ಪುಸ್ತಕದಲ್ಲಿ ಇಮೇಲ್ ಪಾಸ್‌ವರ್ಡ್ ನಾಲ್ಕು ಕಡೆ ಇತ್ತು. ಮೂರನ್ನು ಹೊಡೆದುಹಾಕಿದ್ದರು. ನಾಲ್ಕನೆಯದರ ಕೊನೆಯಲ್ಲಿ ಇದ್ದದ್ದು ಸೊನ್ನೆಯೋ ಇಂಗ್ಲಿಷಿನ ‘ಓ’ ಅಕ್ಷರವೋ ತಿಳಿಯಲಿಲ್ಲ. ಎರಡನ್ನೂ ಹಾಕಿ ನೋಡಿದೆವು; ಎರಡೂ ತಪ್ಪು. ‘ಪಾಸ್‌ವರ್ಡ್ ಮರೆತಿರಾ?’ ಎಂಬುದನ್ನು ಒತ್ತಿದಾಗ, ನಿಮ್ಮ ಮೊಬೈಲ್‌ಗೆ ಸೂಚನೆ ಕಳುಹಿಸಿದ್ದೇವೆ ಎಂಬ ಉತ್ತರ ಬಂತು. ಆ ಮೊಬೈಲ್ ಮೇಜಿನ ಮೇಲೆ ಉಸಿರಿಲ್ಲದೆ ಬಿದ್ದಿತ್ತು.

ಸಾಧನ ಕಳೆದಾಗ, ಕೆಟ್ಟಾಗ ಅಥವಾ ಬದಲಾದಾಗಲೇ ಪಾಸ್‌ವರ್ಡ್‌ಗಳ ವಿಷಯ ನಮಗೆ ನೆನಪಾಗುವುದು. ಈಗ ಒಬ್ಬೊಬ್ಬರ ಬಳಿಯೂ ಮೊಬೈಲ್, ಲ್ಯಾಪ್‌ಟಾಪ್, ಕೆಲವರ ಬಳಿ ಟ್ಯಾಬ್ಲೆಟ್, ಜೊತೆಗೆ ಕಚೇರಿಯ ಕಂಪ್ಯೂಟರ್ ಇವೆ. ಖಾತೆಗಳ ಲೆಕ್ಕ ಹಾಕಿದರೆ ನೂರು ದಾಟುವುದು ಅಪರೂಪವೇನಲ್ಲ. ಇಷ್ಟನ್ನೂ ಸುರಕ್ಷಿತವಾಗಿ, ಆದರೆ ತಲೆಬಿಸಿ ಇಲ್ಲದೆ ಎಲ್ಲ ಸಾಧನಗಳಲ್ಲಿ ಬಳಸುವುದು ಹೇಗೆ? ಬುಡದಿಂದ ನೋಡೋಣ.

ಪಾಸ್‌ವರ್ಡ್ ಎಲ್ಲಿ ಇರುತ್ತದೆ?

ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯಲ್ಲಿ. ಒಂದೇ ದೊಡ್ಡ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದರು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗಬಾರದೆಂದು ಫರ್ನಾಂಡೊ ಕೋರ್ಬಾಟೊ ಅವರ ತಂಡ ಈ ಏರ್ಪಾಡು ಮಾಡಿತು. 1962ರಲ್ಲೇ ಅಲ್ಲಿನ ಸಂಶೋಧನಾ ವಿದ್ಯಾರ್ಥಿ ಆ್ಯಲನ್ ಶೆರ್, ತನಗೆ ಕೊಟ್ಟ ಯಂತ್ರಸಮಯ ಸಾಲದೆಂದು, ಎಲ್ಲರ ಪಾಸ್‌ವರ್ಡ್ ಇದ್ದ ಕಡತವನ್ನೇ ಮುದ್ರಿಸಿಕೊಂಡ. ಪಾಸ್‌ವರ್ಡ್ ಕಳವಿನ ಕಥೆಗೂ ಪಾಸ್‌ವರ್ಡಿನಷ್ಟೇ ವಯಸ್ಸು.

ಆ ಕಡತದಲ್ಲಿ ಪಾಸ್‌ವರ್ಡ್‌ಗಳು ಇದ್ದ ಹಾಗೆಯೇ ಇದ್ದವು. ಇಂದು ಎಚ್ಚರಿಕೆಯಿಂದ ನಡೆಸುವ ಜಾಲತಾಣಗಳು ನಿಮ್ಮ ಪಾಸ್‌ವರ್ಡನ್ನು ಇಟ್ಟುಕೊಳ್ಳುವುದಿಲ್ಲ. ಅದರ ‘ಹ್ಯಾಶ್’ ಇಟ್ಟುಕೊಳ್ಳುತ್ತವೆ. ಹ್ಯಾಶ್ ಎಂದರೆ ಒಂದು ಬಗೆಯ ಬೆರಳಚ್ಚು. ಬೆರಳಚ್ಚನ್ನು ನೋಡಿ ಮನುಷ್ಯನ ಮುಖ ಬಿಡಿಸಲಾಗದು. ಆದರೆ ಆ ಮನುಷ್ಯನೇ ಎದುರು ನಿಂತರೆ, ಅವನ ಬೆರಳನ್ನು ಒತ್ತಿಸಿ ಎರಡನ್ನೂ ಹೋಲಿಸಬಹುದು. ನೀವು ಲಾಗಿನ್ ಆಗುವಾಗ ನಡೆಯುವುದೂ ಇದೇ ಹೋಲಿಕೆ.

ಕಳ್ಳ ಈ ಬೆರಳಚ್ಚುಗಳ ಕಟ್ಟನ್ನು ಕದ್ದನೆಂದುಕೊಳ್ಳಿ. ಅವನಿಗೆ ಉಳಿಯುವ ದಾರಿ ಊಹೆಯೊಂದೇ. ಒಂದು ಪದ ಊಹಿಸಿ, ಅದರ ಹ್ಯಾಶ್ ತೆಗೆದು, ಕದ್ದ ಪಟ್ಟಿಯಲ್ಲಿ ಹುಡುಕುತ್ತಾನೆ. ಸರಳವಾದ ಹ್ಯಾಶ್ ಆದರೆ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಸಾವಿರಾರು ಕೋಟಿ ಊಹೆಗಳನ್ನು ಪರೀಕ್ಷಿಸಬಲ್ಲದು. ಇಂಗ್ಲಿಷಿನ ಸಣ್ಣ ಅಕ್ಷರಗಳಷ್ಟೇ ಇರುವ ಎಂಟಕ್ಷರದ ಪಾಸ್‌ವರ್ಡ್‌ಗಳು ಎಲ್ಲ ಸೇರಿದರೂ ಸುಮಾರು 20,900 ಕೋಟಿ. ಅಷ್ಟನ್ನೂ ಜಾಲಾಡಲು ಅರ್ಧ ನಿಮಿಷವೂ ಬೇಡ.

ನಿಜವಾದ ಅಪಾಯ: ಒಂದೇ ಕೀಲಿ, ಹತ್ತು ಬೀಗ

2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಸೋರಿದವು. ಅಲ್ಲಿ ಹ್ಯಾಶ್ ಕೂಡ ಇರಲಿಲ್ಲ; ಎಲ್ಲವೂ ಬಿಚ್ಚಿಟ್ಟ ಅಕ್ಷರಗಳಲ್ಲೇ ಇದ್ದವು. ಅತಿ ಹೆಚ್ಚು ಜನ ಬಳಸಿದ್ದು 123456. ಜನ ಹೇಗೆ ಯೋಚಿಸುತ್ತಾರೆ ಎಂಬುದು ಆ ಪಟ್ಟಿಯಿಂದ ಲೋಕಕ್ಕೆ ಗೊತ್ತಾಯಿತು. ಹೆಸರಿನ ಮುಂದೆ ಹುಟ್ಟಿದ ವರ್ಷ, ‘ಎ’ ಬದಲು ‘@’, ಕೊನೆಯಲ್ಲೊಂದು ‘1’ — ನಮಗೆ ಜಾಣತನವೆಂದು ತೋರುವ ಇವೆಲ್ಲ ಇಂದಿನ ಊಹಿಸುವ ತಂತ್ರಾಂಶಗಳಿಗೆ ಬಾಯಿಪಾಠ.

ಆದರೂ ಸಾಮಾನ್ಯರು ಸಿಕ್ಕಿಬೀಳುವುದು ದುರ್ಬಲ ಪಾಸ್‌ವರ್ಡಿನಿಂದ ಮಾತ್ರವಲ್ಲ, ಅದೇ ಪಾಸ್‌ವರ್ಡನ್ನು ಮತ್ತೆ ಮತ್ತೆ ಬಳಸುವುದರಿಂದ. ಎಂದೋ ಒಮ್ಮೆ ಫೋಟೊ ಮುದ್ರಿಸಲು ಒಂದು ಸಣ್ಣ ಜಾಲತಾಣದಲ್ಲಿ ಖಾತೆ ತೆರೆದಿರಿ. ಇಮೇಲ್‌ಗೆ ಇದ್ದ ಪಾಸ್‌ವರ್ಡನ್ನೇ ಅಲ್ಲಿಯೂ ಕೊಟ್ಟಿರಿ. ಆ ತಾಣ ಸೋರಿತು. ಕಳ್ಳನ ತಂತ್ರಾಂಶ ನಿಮ್ಮ ಇಮೇಲ್ ವಿಳಾಸ ಮತ್ತು ಪಾಸ್‌ವರ್ಡಿನ ಜೋಡಿಯನ್ನು ಹಿಡಿದು ನೂರಾರು ತಾಣಗಳ ಬಾಗಿಲು ತಟ್ಟುತ್ತದೆ. ಎಲ್ಲಿ ತೆರೆದುಕೊಳ್ಳುತ್ತದೋ ಅಲ್ಲಿ ಒಳಗೆ. ನೀವು ನಿಮ್ಮ ಇಮೇಲನ್ನು ಎಷ್ಟೇ ಜೋಪಾನವಾಗಿ ನೋಡಿಕೊಂಡಿದ್ದರೂ, ಅದರ ಭದ್ರತೆ ಈಗ ನೀವು ಮರೆತೇಹೋದ ತಾಣವೊಂದರ ಕೈಯಲ್ಲಿದೆ.

ಇಮೇಲ್ ಹೋದರೆ ಎಲ್ಲವೂ ಹೋದ ಹಾಗೆ. ಉಳಿದ ಖಾತೆಗಳ ‘ಪಾಸ್‌ವರ್ಡ್ ಮರೆತಿರಾ?’ ಕೊಂಡಿಗಳು ಬಂದು ಬೀಳುವುದು ಅಲ್ಲಿಯೇ.

ನಿಮ್ಮ ಇಮೇಲ್ ವಿಳಾಸ ಯಾವ ಸೋರಿಕೆಯಲ್ಲಿ ಇತ್ತು ಎಂಬುದನ್ನು ‘ಹ್ಯಾವ್ ಐ ಬೀನ್ ಪೋನ್ಡ್’ ತಾಣದಲ್ಲಿ ಉಚಿತವಾಗಿ ನೋಡಬಹುದು. ಆಸ್ಟ್ರೇಲಿಯಾದ ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ್ದು. ಅಲ್ಲಿ ಪಾಸ್‌ವರ್ಡನ್ನೂ ಪರೀಕ್ಷಿಸುವ ವ್ಯವಸ್ಥೆ ಇದೆ. ಪಾಸ್‌ವರ್ಡನ್ನು ಬೇರೆಯವರಿಗೆ ಒಪ್ಪಿಸಿ, ಇದು ಗುಟ್ಟಾಗಿದೆಯೇ ಎಂದು ಕೇಳುವುದು ವಿಚಿತ್ರವಾಗಿ ಕಾಣಬಹುದು. ಆದರೆ ಅಲ್ಲಿಗೆ ಹೋಗುವುದು ಪಾಸ್‌ವರ್ಡ್ ಅಲ್ಲ, ಅದರ ಹ್ಯಾಶ್‌ನ ಮೊದಲ ಐದು ಅಕ್ಷರಗಳು ಮಾತ್ರ. ಆ ಐದರಿಂದ ಆರಂಭವಾಗುವ ಎಲ್ಲ ಸೋರಿದ ಹ್ಯಾಶ್‌ಗಳ ಪಟ್ಟಿ ಮರಳಿ ಬರುತ್ತದೆ, ಹೋಲಿಕೆ ನಿಮ್ಮ ಸಾಧನದಲ್ಲೇ ನಡೆಯುತ್ತದೆ.

ಮೂರು ತಿಂಗಳಿಗೊಮ್ಮೆ ಬದಲಿಸಬೇಕೇ?

ಬೇಡ. ಒಂದು ದೊಡ್ಡಕ್ಷರ, ಒಂದು ಅಂಕೆ, ಒಂದು ಚಿಹ್ನೆ, ಆಗಾಗ ಬದಲಾವಣೆ — ಈ ಕಟ್ಟಳೆಗಳಿಗೆ ಬಲ ಬಂದದ್ದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2003ರಲ್ಲಿ ಸಿದ್ಧಪಡಿಸಿದ ಮಾರ್ಗಸೂಚಿಯಿಂದ. ಅದನ್ನು ಬರೆದ ಬಿಲ್ ಬರ್ ಮುಂದೆ ತಮ್ಮ ಸಲಹೆಯ ಬಗ್ಗೆ ವಿಷಾದ ವ್ಯಕ್ತಪಡಿಸಿದರು. ಒತ್ತಾಯಕ್ಕೆ ಬದಲಿಸುವವರು ಕೊನೆಯ 1 ಅನ್ನು 2 ಮಾಡುತ್ತಾರೆ, ಅಷ್ಟೇ. 2017ರಲ್ಲಿ ನಿಸ್ಟ್ ತನ್ನ ಸಲಹೆಯನ್ನು ತಿರುವಿಹಾಕಿತು: ಸೋರಿಕೆಯ ಸುಳಿವು ಸಿಕ್ಕಾಗ ಬದಲಿಸಿದರೆ ಸಾಕು, ಚಿಹ್ನೆಗಳ ಕಸರತ್ತಿಗಿಂತ ಉದ್ದ ಮುಖ್ಯ. ಎಷ್ಟೋ ಕಚೇರಿಗಳ ಗೋಡೆಗಳ ಮೇಲೆ ಹಳೆಯ ಕಟ್ಟಳೆಯೇ ಇನ್ನೂ ಉಳಿದಿದೆ.

ಹಾಗಾದರೆ ಬೇಕಾದದ್ದು ಇಷ್ಟು: ಪ್ರತಿ ಖಾತೆಗೂ ಬೇರೆ ಬೇರೆ, ಉದ್ದನೆಯ, ಯಾವ ಅರ್ಥವೂ ಇಲ್ಲದ ಪಾಸ್‌ವರ್ಡ್. ಮನುಷ್ಯನ ನೆನಪಿಗೆ ಇದು ಸಾಧ್ಯವೇ ಇಲ್ಲ. ಇದು ಮರೆಗುಳಿತನದ ಮಾತಲ್ಲ. ನೂರು ಅರ್ಥಹೀನ ಅಕ್ಷರಮಾಲೆಗಳನ್ನು ನೆನಪಿಡಲು ಮಿದುಳು ಇರುವುದೇ ಅಲ್ಲ. ಪಾಸ್‌ವರ್ಡನ್ನು ಕಂಪ್ಯೂಟರಿಗೆ ತಂದ ಕೋರ್ಬಾಟೊ ಕೂಡ ತಮ್ಮ ಪಾಸ್‌ವರ್ಡ್‌ಗಳನ್ನು ಹಾಳೆಗಳಲ್ಲಿ ಬರೆದಿಟ್ಟುಕೊಂಡಿದ್ದುದಾಗಿ ಇಳಿವಯಸ್ಸಿನಲ್ಲಿ ಒಪ್ಪಿಕೊಂಡಿದ್ದರು. ಚಿಕ್ಕಮ್ಮನ ನೋಟುಪುಸ್ತಕವನ್ನು ಕಂಡು ನಾನು ಗದರದೆ ಸುಮ್ಮನಿದ್ದುದಕ್ಕೆ ಇದೂ ಒಂದು ಕಾರಣ.

ತಿಜೋರಿ ಕೆಲಸ ಮಾಡುವ ಬಗೆ

ಪಾಸ್‌ವರ್ಡ್ ಮ್ಯಾನೇಜರ್ ಎಂದರೆ ಒಂದು ತಿಜೋರಿ. ಅದರೊಳಗೆ ನಿಮ್ಮ ಎಲ್ಲ ಪಾಸ್‌ವರ್ಡ್‌ಗಳು. ಅದನ್ನು ತೆರೆಯಲು ಒಂದೇ ಮಾಸ್ಟರ್ ಪಾಸ್‌ವರ್ಡ್. ಇದನ್ನು ಕೇಳಿದ ಕೂಡಲೇ ಎಲ್ಲರಿಗೂ ಬರುವ ಪ್ರಶ್ನೆ: ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಕಳ್ಳನಿಗೆ ಸುಲಭವಾಗುವುದಿಲ್ಲವೇ? ಸರಿಯಾದ ಪ್ರಶ್ನೆ. ಉತ್ತರ ತಿಜೋರಿಯ ಬೀಗ ಎಲ್ಲಿ ಬೀಳುತ್ತದೆ ಎಂಬುದರಲ್ಲಿದೆ.

ನೀವು ಮಾಸ್ಟರ್ ಪಾಸ್‌ವರ್ಡ್ ಟೈಪ್ ಮಾಡಿದಾಗ, ನಿಮ್ಮ ಮೊಬೈಲ್ ಅಥವಾ ಲ್ಯಾಪ್‌ಟಾಪ್ ಅದನ್ನು ಲಕ್ಷಾಂತರ ಬಾರಿ ಗಣಿತದ ಗಾಣದಲ್ಲಿ ತಿರುಗಿಸಿ ಒಂದು ಉದ್ದನೆಯ ಕೀಲಿಯನ್ನು ತಯಾರಿಸುತ್ತದೆ. ಆ ಕೀಲಿಯಿಂದ ತಿಜೋರಿಯನ್ನು ಎನ್‌ಕ್ರಿಪ್ಟ್ ಮಾಡುತ್ತದೆ, ಅಂದರೆ ಕೀಲಿ ಇಲ್ಲದವರಿಗೆ ಅರ್ಥವಾಗದ ಗೂಢಾಕ್ಷರಗಳಾಗಿ ಕಲಸಿಬಿಡುತ್ತದೆ. ಕಂಪನಿಯ ಸರ್ವರ್‌ಗೆ ಹೋಗುವುದು ಆ ಕಲಸಿದ ಗಂಟು. ನಿಮ್ಮ ಲ್ಯಾಪ್‌ಟಾಪ್ ಅದೇ ಗಂಟನ್ನು ಇಳಿಸಿಕೊಂಡು, ನೀವು ಟೈಪಿಸಿದ ಮಾಸ್ಟರ್ ಪಾಸ್‌ವರ್ಡಿನಿಂದ ಅದೇ ಕೀಲಿಯನ್ನು ಮತ್ತೆ ತಯಾರಿಸಿ ಬಿಚ್ಚುತ್ತದೆ. ನಡುವಿನ ಕಂಪನಿ ಬೀಗ ಹಾಕಿದ ಪೆಟ್ಟಿಗೆಯನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಸಾಗಿಸುವ ಗಾಡಿಯವನ ಹಾಗೆ. ಪೆಟ್ಟಿಗೆ ಅವನ ಕೈಯಲ್ಲಿದೆ, ಕೀಲಿ ಇಲ್ಲ.

ಕೀಲಿಯನ್ನು ಲಕ್ಷಾಂತರ ಸುತ್ತು ತಿರುಗಿಸುವುದು ಏಕೆ? ನಿಮಗೆ ಅದರಿಂದ ಆಗುವ ತಡ ಒಂದು ಸೆಕೆಂಡಿನೊಳಗೆ. ಆದರೆ ಊಹಿಸಲು ಕೂತ ಕಳ್ಳ ಪ್ರತಿ ಊಹೆಗೂ ಅಷ್ಟೇ ಸುತ್ತು ತಿರುಗಿಸಬೇಕು. ಸೆಕೆಂಡಿಗೆ ಸಾವಿರಾರು ಕೋಟಿ ಇದ್ದ ಅವನ ವೇಗ ಕೆಲವು ಸಾವಿರಗಳಿಗೆ ಕುಸಿಯುತ್ತದೆ.

ಈ ಮಾತಿಗೆ ಪರೀಕ್ಷೆ ಬಂದದ್ದು 2022ರಲ್ಲಿ. ಲಾಸ್ಟ್‌ಪಾಸ್ ಎಂಬ ಹೆಸರಾಂತ ಮ್ಯಾನೇಜರ್‌ನ ಗ್ರಾಹಕರ ತಿಜೋರಿಗಳ ಪ್ರತಿಗಳನ್ನೇ ಕಳ್ಳರು ಹೊತ್ತೊಯ್ದರು. ಪಾಸ್‌ವರ್ಡ್‌ಗಳು ಗೂಢಾಕ್ಷರದಲ್ಲಿದ್ದವು, ಆದರೆ ಯಾವ ಯಾವ ಜಾಲತಾಣ ಎಂಬ ವಿಳಾಸಗಳು ಬಿಚ್ಚಿಟ್ಟ ಹಾಗೆಯೇ ಇದ್ದವು. ಕೆಲವು ಹಳೆಯ ಖಾತೆಗಳಲ್ಲಿ ಗಾಣದ ಸುತ್ತುಗಳ ಸಂಖ್ಯೆ ತೀರಾ ಕಡಿಮೆ ಇತ್ತು. ಗಟ್ಟಿ ಮಾಸ್ಟರ್ ಪಾಸ್‌ವರ್ಡ್ ಇದ್ದವರ ತಿಜೋರಿ ಕಳ್ಳನ ಕೈಯಲ್ಲಿದ್ದೂ ತೆರೆಯಲಾಗದ ಪೆಟ್ಟಿಗೆ. ಸಡಿಲವಾದದ್ದು ಇದ್ದವರಿಗೆ ಎಲ್ಲವನ್ನೂ ಬದಲಿಸುವ ಅವಸರ. ತಿಜೋರಿ ಕಳವಾಗಬಹುದು ಎಂದೇ ಭಾವಿಸಿ ಅದಕ್ಕೆ ತಕ್ಕ ಬೀಗ ಹಾಕಬೇಕು ಎಂಬುದು ನಾನು ಇದರಿಂದ ತಿಳಿದದ್ದು.

ತಿಜೋರಿಯಿಂದ ಇನ್ನೊಂದು ಉಪಕಾರವಿದೆ, ಅದನ್ನು ಹೇಳುವವರು ಕಡಿಮೆ. ಮ್ಯಾನೇಜರ್ ಪಾಸ್‌ವರ್ಡನ್ನು ತಾನೇ ತುಂಬುವುದು ತಾಣದ ವಿಳಾಸವನ್ನು ನೋಡಿ. ಪುಟದ ಬಣ್ಣ, ಲಾಂಛನ ನೋಡಿ ಅಲ್ಲ. ವಿಳಾಸದಲ್ಲಿ ‘ಎಲ್’ ಅಕ್ಷರದ ಜಾಗದಲ್ಲಿ ‘1’ ಇಟ್ಟ ನಕಲಿ ತಾಣವನ್ನು ನಮ್ಮ ಕಣ್ಣು ಗುರುತಿಸದು. ಮ್ಯಾನೇಜರ್‌ಗೆ ಅದು ಬೇರೆಯೇ ಮನೆ, ಅದು ತುಂಬುವುದಿಲ್ಲ. ದಿನವೂ ತುಂಬುತ್ತಿದ್ದ ಕಡೆ ಇವತ್ತು ಏಕೋ ತುಂಬಲಿಲ್ಲ ಎಂದರೆ, ಕೈಯಿಂದ ಟೈಪ್ ಮಾಡಲು ಹೋಗಬೇಡಿ. ಮೊದಲು ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ.

ಯಾವ ಬಗೆಯ ತಿಜೋರಿ?

ಮೂರು ಬಗೆಗಳಿವೆ. ಆ್ಯಪಲ್, ಗೂಗಲ್ ಸಾಧನಗಳಲ್ಲಿ ಮತ್ತು ಬ್ರೌಸರ್‌ಗಳಲ್ಲಿ ಮೊದಲೇ ಇರುವುದು ಒಂದು. ಹೊಸದಾಗಿ ಏನನ್ನೂ ಹಾಕಿಕೊಳ್ಳಬೇಕಿಲ್ಲ, ಒಂದೇ ಕಂಪನಿಯ ಸಾಧನಗಳಿದ್ದರೆ ಬಹಳ ಸಲೀಸು. ಮೊಬೈಲ್ ಒಂದು ಬಗೆ, ಲ್ಯಾಪ್‌ಟಾಪ್ ಇನ್ನೊಂದು ಬಗೆ ಇದ್ದವರಿಗೆ ಬಿಟ್‌ವಾರ್ಡನ್, ಒನ್‌ಪಾಸ್‌ವರ್ಡ್‌ನಂಥ ಸ್ವತಂತ್ರ ಮ್ಯಾನೇಜರ್‌ಗಳು ಹೊಂದುತ್ತವೆ; ಇವು ಎಲ್ಲ ಬಗೆಯ ಸಾಧನಗಳಲ್ಲೂ ನಡೆಯುತ್ತವೆ. ಬಿಟ್‌ವಾರ್ಡನ್‌ನ ಉಚಿತ ಆವೃತ್ತಿಯೂ ಇದೆ.

ಮೂರನೆಯದು ಕೀಪಾಸ್ ಬಗೆ. 2003ರಿಂದ ಇರುವ ಇದರಲ್ಲಿ ತಿಜೋರಿ ಎಂದರೆ ನಿಮ್ಮ ಬಳಿಯೇ ಇರುವ ಒಂದು ಕಡತ. ಯಾವ ಕಂಪನಿಯ ಖಾತೆಯೂ ಬೇಡ. ಆದರೆ ಅದನ್ನು ಸಾಧನದಿಂದ ಸಾಧನಕ್ಕೆ ಸಾಗಿಸುವ ಹೊಣೆ ನಿಮ್ಮದೇ. ಮೊಬೈಲ್‌ನಲ್ಲಿ ಒಂದು, ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಬದಲಾವಣೆ ಮಾಡಿದರೆ ಎರಡು ಬೇರೆ ಬೇರೆ ಪ್ರತಿಗಳಾಗುತ್ತವೆ. ಒಂದರ ಮೇಲೊಂದು ಬರೆದುಬಿಡುವ ಮೊದಲು ಎರಡನ್ನೂ ಕೂಡಿಸುವ ಸೌಲಭ್ಯವನ್ನು ಬಳಸಲು ತಿಳಿದಿರಬೇಕು. ಅಚ್ಚುಕಟ್ಟಾಗಿ ಕೆಲಸ ಮಾಡುವವರಿಗೆ ಇದು ಒಳ್ಳೆಯದು. ಮನೆಯ ಹಿರಿಯರಿಗೆ ನಾನು ಇದನ್ನು ಹಾಕಿಕೊಡುವುದಿಲ್ಲ.

ನೆನಪಿಡಬೇಕಾದ ಆ ಒಂದು

ಮಾಸ್ಟರ್ ಪಾಸ್‌ವರ್ಡನ್ನು ದಾಳ ಹಾಕಿ ಆರಿಸಿಕೊಳ್ಳುವುದು ನಾನು ಕಂಡ ಉತ್ತಮ ಉಪಾಯ. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ಇದನ್ನು ‘ಡೈಸ್‌ವೇರ್’ ಎಂದು ಪರಿಚಯಿಸಿದರು. ದಾಳವನ್ನು ಐದು ಬಾರಿ ಹಾಕಿದರೆ 7,776 ಬಗೆಯ ಫಲಿತಾಂಶ ಸಾಧ್ಯ. ಅಷ್ಟೇ ಪದಗಳ ಪಟ್ಟಿಯಲ್ಲಿ ಆ ಸಂಖ್ಯೆಗೆ ಎದುರಿರುವ ಪದವನ್ನು ಬರೆದುಕೊಳ್ಳಿ. ಹೀಗೆ ಆರು ಪದ. ಬಲದಲ್ಲಿ ಇದು ಅಂಕೆ, ಚಿಹ್ನೆ, ದೊಡ್ಡಕ್ಷರ ಎಲ್ಲ ಬೆರೆತ ಹನ್ನೆರಡು ಅಕ್ಷರಗಳ ಯಾದೃಚ್ಛಿಕ ಪಾಸ್‌ವರ್ಡಿಗೆ ಹತ್ತಿರ ಹತ್ತಿರ ಸಮ. ಸೆಕೆಂಡಿಗೆ ಸಾವಿರ ಕೋಟಿಯಂತೆ ಊಹಿಸಿದರೂ ಎಲ್ಲ ಸಾಧ್ಯತೆಗಳು ಮುಗಿಯಲು ಸುಮಾರು 7 ಲಕ್ಷ ವರ್ಷ ಬೇಕು.

ಪಟ್ಟಿಯಿಂದ ‘ಏಣಿ, ಗುಬ್ಬಿ, ಸೂಜಿ, ಹುಣ್ಣಿಮೆ, ಕೊಡಲಿ, ತೊಟ್ಟಿಲು’ ಬಂದವೆನ್ನಿ. ಏಣಿ ಹತ್ತಿದ ಗುಬ್ಬಿ, ಕೊಕ್ಕಿನಲ್ಲಿ ಸೂಜಿ, ಮೇಲೆ ಹುಣ್ಣಿಮೆಯ ಚಂದ್ರ, ಕೆಳಗೆ ಕೊಡಲಿ ಇಟ್ಟ ತೊಟ್ಟಿಲು. ಈ ಚಿತ್ರ ಎರಡು ದಿನದಲ್ಲಿ ತಲೆಯಲ್ಲಿ ನಿಲ್ಲುತ್ತದೆ. ಪದಗಳನ್ನು ದಾಳವೇ ಆರಿಸಬೇಕು ಎಂಬುದನ್ನು ಮಾತ್ರ ಬಿಡಬೇಡಿ. ನಾವೇ ಆರಿಸಿದರೆ ಮಳೆ, ಹೂವು, ಅಮ್ಮ, ಮಗುವಿನ ಹೆಸರು ಎಂದು ಎಲ್ಲರೂ ನಡೆದ ದಾರಿಯಲ್ಲೇ ಹೋಗುತ್ತೇವೆ. ದಾಳ ಇಲ್ಲದಿದ್ದರೆ ಮ್ಯಾನೇಜರ್‌ನಲ್ಲೇ ಪದಗಳನ್ನು ಹುಟ್ಟಿಸುವ ಸೌಲಭ್ಯ ಇರುತ್ತದೆ. ಇಲ್ಲಿ ಅಚ್ಚಾಗಿರುವ ಈ ಆರು ಪದಗಳನ್ನಂತೂ ಬಳಸಬೇಡಿ.

ಕನ್ನಡಿಗರಿಗೆ ಒಂದು ವಿಶೇಷ ಸೂಚನೆ. ಪಾಸ್‌ವರ್ಡನ್ನು ಕನ್ನಡ ಲಿಪಿಯಲ್ಲಿ ಇಡುವ ಆಸೆ ನನಗೂ ಆಗಿತ್ತು, ಬಿಟ್ಟೆ. ‘ತೋ’ ಅಕ್ಷರದ ಓಕಾರವನ್ನು ಒಂದೇ ಸಂಕೇತವಾಗಿಯೂ ಬಿಡಿ ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹ್ಯಾಶ್‌ಗೆ ಎರಡೂ ಬೇರೆ. ಹೊಸ ಸಾಧನದ ಕೀಲಿಮಣೆ ಹೇಗೆ ಬರೆಯುತ್ತದೋ ಹೇಳಲಾಗದು. ಲಾಗಿನ್ ಪರದೆಯಲ್ಲಿ ಕನ್ನಡ ಕೀಲಿಮಣೆಯೇ ಇಲ್ಲದಿರಬಹುದು. ಆದ್ದರಿಂದ ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ. ‘ಹುಣ್ಣಿಮೆ’ಗೆ ಎಷ್ಟು ‘ಎನ್’ ಹಾಕುತ್ತೀರಿ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಿ.

ಎರಡನೆಯ ಬೀಗ, ಮತ್ತು ಪಾಸ್‌ವರ್ಡೇ ಇಲ್ಲದ ಬಾಗಿಲು

ಇಮೇಲ್, ಬ್ಯಾಂಕ್ ಮತ್ತು ತಿಜೋರಿಯ ಖಾತೆಗೆ ಎರಡನೆಯ ಬೀಗ ಇರಲಿ, ಅಂದರೆ ಪಾಸ್‌ವರ್ಡಿನ ಜೊತೆಗೆ ಕೇಳುವ ಇನ್ನೊಂದು ಗುರುತು. ಎಸ್‌ಎಂಎಸ್‌ನಲ್ಲಿ ಬರುವ ಸಂಕೇತ ಏನೂ ಇಲ್ಲದಿರುವುದಕ್ಕಿಂತ ಮೇಲು. ಆದರೆ ನಿಮ್ಮ ಹೆಸರಿನಲ್ಲಿ ಮೋಸದಿಂದ ಬದಲಿ ಸಿಮ್ ಪಡೆದವನಿಗೂ ಅದು ತಲುಪುತ್ತದೆ. ಇದಕ್ಕಿಂತ ಮೇಲಿನದು ಅಥೆಂಟಿಕೇಟರ್ ಆ್ಯಪ್. ಮೊದಲ ದಿನ ಕ್ಯೂಆರ್ ಚಿತ್ರದ ಮೂಲಕ ತಾಣವೂ ನಿಮ್ಮ ಮೊಬೈಲೂ ಒಂದು ಗುಟ್ಟನ್ನು ಹಂಚಿಕೊಳ್ಳುತ್ತವೆ. ಮುಂದೆ ಇಬ್ಬರೂ ಆ ಗುಟ್ಟನ್ನೂ ಗಡಿಯಾರದ ಹೊತ್ತನ್ನೂ ಬೆರೆಸಿ, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ, ಆರಂಕಿಯ ಸಂಖ್ಯೆ ತೆಗೆಯುತ್ತಾರೆ. ನೆಟ್‌ವರ್ಕ್ ಇಲ್ಲದಿದ್ದರೂ ಸಂಖ್ಯೆ ಬರುವುದು ಇದರಿಂದಲೇ.

ಈಚೆಗೆ ‘ಪಾಸ್‌ಕೀ’ ಎಂಬ ಮಾತು ಲಾಗಿನ್ ಪರದೆಗಳಲ್ಲಿ ಕಾಣುತ್ತಿದೆ. ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ 2022ರಲ್ಲಿ ಇದಕ್ಕೆ ಒಟ್ಟಾಗಿ ಬೆಂಬಲ ಘೋಷಿಸಿದವು. ಇದರಲ್ಲಿ ಜೋಡಿ ಕೀಲಿಗಳಿರುತ್ತವೆ: ಒಂದು ತಾಣದ ಬಳಿ, ಇನ್ನೊಂದು ಗುಟ್ಟಾಗಿ ನಿಮ್ಮ ಸಾಧನ ಅಥವಾ ತಿಜೋರಿಯಲ್ಲಿ. ತಾಣ ಒಂದು ಸವಾಲು ಕಳುಹಿಸುತ್ತದೆ, ಸಾಧನ ಗುಟ್ಟಿನ ಕೀಲಿಯಿಂದ ಅದಕ್ಕೆ ಸಹಿ ಹಾಕಿ ಮರಳಿಸುತ್ತದೆ. ಕೀಲಿ ತಾಣಕ್ಕೆ ಹೋಗುವುದೇ ಇಲ್ಲ, ಹಾಗಾಗಿ ತಾಣ ಸೋರಿದರೂ ಕಳ್ಳನಿಗೆ ಸಿಗುವುದು ಕೆಲಸಕ್ಕೆ ಬಾರದ ಅರ್ಧ. ಬೆರಳಚ್ಚು ಅಥವಾ ಮುಖದ ಗುರುತು ಕೀಲಿಯನ್ನು ಬಳಸಲು ಸಾಧನಕ್ಕೆ ಕೊಡುವ ಅನುಮತಿ ಮಾತ್ರ. ಅದೂ ಸಾಧನ ಬಿಟ್ಟು ಹೊರಗೆ ಹೋಗುವುದಿಲ್ಲ. ಎಲ್ಲಿ ಈ ಸೌಲಭ್ಯ ಕೊಡುತ್ತಾರೋ ಅಲ್ಲಿ ತೆಗೆದುಕೊಳ್ಳಿ.

ಆರಂಭಿಸುವುದು ಹೇಗೆ?

ನೂರು ಖಾತೆಗಳನ್ನೂ ಒಂದೇ ದಿನ ಬದಲಿಸಲು ಕೂತವರು ಮಧ್ಯಾಹ್ನದೊಳಗೆ ಕೈಬಿಡುತ್ತಾರೆ. ಮೊದಲ ದಿನ ತಿಜೋರಿ ತೆರೆದು ಇಮೇಲ್ ಪಾಸ್‌ವರ್ಡ್ ಒಂದನ್ನೇ ಬದಲಿಸಿ. ಮರುದಿನ ಹಣಕಾಸಿನ ಖಾತೆಗಳು. ಉಳಿದವನ್ನು ಯಾವಾಗ ಯಾವುದಕ್ಕೆ ಲಾಗಿನ್ ಆಗುತ್ತೀರೋ ಆಗ ಬದಲಿಸುತ್ತ ಹೋಗಿ. ‘ನಿಮ್ಮ ಮೊದಲ ಶಾಲೆ ಯಾವುದು?’ ಎಂಬಂಥ ಭದ್ರತಾ ಪ್ರಶ್ನೆಗಳಿಗೆ ನಿಜ ಹೇಳಬೇಕಾಗಿಲ್ಲ. ಅರ್ಥಹೀನ ಪದ ಕೊಟ್ಟು, ಅದನ್ನೂ ತಿಜೋರಿಯಲ್ಲಿ ಬರೆದಿಡಿ.

ಬ್ರೌಸರ್‌ನಲ್ಲಿ ಕೂಡಿಟ್ಟ ಹಳೆಯ ಪಾಸ್‌ವರ್ಡ್‌ಗಳನ್ನು ಹೊಸ ತಿಜೋರಿಗೆ ಸಾಗಿಸುವಾಗ ಸಾಮಾನ್ಯವಾಗಿ ಒಂದು ಸಿಎಸ್‌ವಿ ಕಡತ ಸಿದ್ಧವಾಗುತ್ತದೆ. ಅದನ್ನು ತೆರೆದು ನೋಡಿ: ತಾಣ, ಹೆಸರು, ಪಾಸ್‌ವರ್ಡ್, ಎಲ್ಲವೂ ಯಾರು ಬೇಕಾದರೂ ಓದಬಹುದಾದ ಅಕ್ಷರಗಳಲ್ಲಿರುತ್ತವೆ. ಇಷ್ಟು ಅಪಾಯದ ಕಡತ ನಿಮ್ಮ ಕಂಪ್ಯೂಟರಿನಲ್ಲಿ ಬೇರೊಂದು ಇರಲಾರದು. ಸಾಗಣೆ ಮುಗಿದ ಕೂಡಲೇ ಅಳಿಸಿ, ಕಸದಬುಟ್ಟಿಯನ್ನೂ ಖಾಲಿ ಮಾಡಿ. ಡೌನ್‌ಲೋಡ್ಸ್ ಫೋಲ್ಡರ್ ತಾನಾಗಿ ಆನ್‌ಲೈನ್ ಸಂಗ್ರಹಕ್ಕೆ ನಕಲಾಗುತ್ತಿದ್ದರೆ ಅಲ್ಲಿಯೂ ಅಳಿಸಿ. ಬ್ರೌಸರ್‌ನ ಹಳೆಯ ಸಂಗ್ರಹ ಹಾಗೆಯೇ ಉಳಿದರೆ ಒಂದೇ ಖಾತೆಗೆ ಎರಡು ಪಾಸ್‌ವರ್ಡ್ ಕಾಣಿಸಿ ಗೊಂದಲವಾಗುತ್ತದೆ; ಅದನ್ನೂ ತೆರವು ಮಾಡಿ.

ತಿಜೋರಿಯೇ ತೆರೆಯದಿದ್ದರೆ?

ಕೀಲಿ ಕಂಪನಿಯ ಬಳಿ ಇಲ್ಲ ಎಂದರೆ, ನೀವು ಮರೆತಾಗ ತೆರೆದುಕೊಡಲು ಅವರಿಗೂ ಆಗದು. ಆದ್ದರಿಂದ ಒಂದು ಹಾಳೆ ಬೇಕು, ಕಾಗದದ ಹಾಳೆ. ತಿಜೋರಿಯ ಹೆಸರು, ಅದಕ್ಕೆ ಬಳಸಿದ ಇಮೇಲ್, ಮಾಸ್ಟರ್ ಪಾಸ್‌ವರ್ಡ್, ಎರಡನೆಯ ಬೀಗ ಕಳೆದುಹೋದಾಗ ಬಳಸಲು ಖಾತೆಗಳು ಕೊಡುವ ತುರ್ತು ಸಂಕೇತಗಳು — ಇಷ್ಟನ್ನು ಬಿಡಿ ಬಿಡಿ ಅಕ್ಷರಗಳಲ್ಲಿ ಬರೆದು, ಆಸ್ತಿಪತ್ರಗಳನ್ನು ಇಡುವಂಥ ಜಾಗದಲ್ಲಿಡಿ. ಸೊನ್ನೆಗೆ ಅಡ್ಡಗೆರೆ ಹಾಕಿ. ಇದರ ಫೋಟೊ ತೆಗೆಯಬೇಡಿ. ಈ ಹಾಳೆ ಎಲ್ಲಿದೆ ಎಂಬುದು ನೀವು ನಂಬುವ ಒಬ್ಬರಿಗಾದರೂ ತಿಳಿದಿರಲಿ. ನೀವು ಆಸ್ಪತ್ರೆಯಲ್ಲಿರುವ ದಿನ ಅವರಿಗೆ ಬೇಕಾಗಬಹುದು.

ದಿನವೂ ಬೆರಳಚ್ಚಿನಿಂದ ತೆರೆಯುವವರು ಮಾಸ್ಟರ್ ಪಾಸ್‌ವರ್ಡನ್ನು ಮೆಲ್ಲನೆ ಮರೆಯುತ್ತಾರೆ. ವಾರಕ್ಕೊಮ್ಮೆಯಾದರೂ ಟೈಪ್ ಮಾಡಿ ತೆರೆಯಿರಿ. ಚಿಕ್ಕಮ್ಮ ಈಗ ಹಾಗೆಯೇ ಮಾಡುತ್ತಾರೆ. ಅವರ ಇಮೇಲ್ ಮರಳಿ ಸಿಗಲು ಒಂಬತ್ತು ದಿನ ಹಿಡಿಯಿತು. ಅದು ಸಿಕ್ಕ ಸಂಜೆ ಹೊಸ ತಿಜೋರಿ ಸಿದ್ಧವಾದ ಮೇಲೆ ಮೊಬೈಲನ್ನು ಅವರ ಕೈಯಿಂದ ತೆಗೆದುಕೊಂಡು, ನನ್ನ ಲ್ಯಾಪ್‌ಟಾಪ್ ಮುಂದೆ ಕೂರಿಸಿ, ಕಾಗದದ ಹಾಳೆಯೊಂದನ್ನೇ ನೋಡಿಕೊಂಡು ತಿಜೋರಿ ತೆರೆಯಲು ಹೇಳಿದೆ. ಮೊದಲ ಸಲ ಒಂದು ಅಕ್ಷರ ತಪ್ಪಿತು. ಎರಡನೆಯ ಸಲ ತೆರೆಯಿತು. ಹಳೆಯ ನೋಟುಪುಸ್ತಕದ ಹಾಳೆಗಳನ್ನು ಅವರು ಹರಿಯಲು ತೊಡಗಿದ್ದು ಆಮೇಲೆ.